ಕೆಂಪು ಪಟ್ಟಿಯ ಮರ

ನಡೆದದ್ದು ಇಷ್ಟೇ. ಯಾರೂ ಹತ್ತಿರ ಬರಬಾರದು ಅಂತ ಮರಕ್ಕೆ ಕೆಂಪು ಬಣ್ಣ ಬಳಿದಿದ್ದರು. ನಾವು ಕೆಂಪು ಬಣ್ಣ ಕಂಡದ್ದಕ್ಕೇ ಹತ್ತಿರ ಹೋದೆವು. ಆಮೇಲೆ ನಾಗದೋಷ, ದೃಷ್ಟಿ, ಗ್ರಹಚಾರ ಅಂತ ಅಬುಧಾಬಿಯಲ್ಲೂ ಉಡುಪಿಯಲ್ಲೂ ಜನ ಬಾಯಿಗೆ ಬಂದದ್ದು ಹೇಳಿದರು. ಎಲ್ಲ ಸುಳ್ಳು. ಮರ ವಿಷದ್ದು. ದೇವರ ಮರ ಅಂದುಕೊಂಡೆವು. ಮಗು ಹಣ್ಣು ಕಚ್ಚಿತು.

ಇದನ್ನು ಬರೆಯುವುದು ಸವಿತಾಳಿಗಾಗಿ. ನನ್ನ ತಂಗಿಯ ಸೊಸೆ. ಅಬುಧಾಬಿಯಲ್ಲಿ ಒಂದು ಮನೆಗೆ ಅಡುಗೆಗೆ ಸೇರಿದ್ದಾಳೆ. ಆ ಮನೆಯವರು ರಜೆಗೆ ಬಾರ್ಬಡೋಸ್ ಅನ್ನುವ ದ್ವೀಪಕ್ಕೆ ಹೋಗುವವರಂತೆ, ಇವಳನ್ನೂ ಬಾ ಅಂದಿದ್ದಾರೆ. ಅಷ್ಟು ದೂರ ಹೋಗುವಂಥದ್ದು ಅಲ್ಲಿ ಎಂಥ ಉಂಟು, ಉಳಿದುಕೊಳ್ಳುವುದಾದರೆ ಎಲ್ಲಿ ಒಳ್ಳೆಯದು, ನೀವು ಹೋಗಿ ಬಂದವರಲ್ಲವಾ ಅಂತ ಫೋನು ಮಾಡಿದ್ದಳು. ಅದು ಫೋನಿನಲ್ಲಿ ಹೇಳಿ ಮುಗಿಯುವುದಲ್ಲ. ನಾನು ಈಗ ಕೆಲಸ ಬಿಟ್ಟು ದುಬೈಯಲ್ಲಿ ಅಲ್ ಮುರಕ್ಕಬಾತ್ ಅನ್ನುವ ಕಡೆ ಮಗಳ ಮನೆಯಲ್ಲಿದ್ದೇನೆ, ಸಮಯಕ್ಕೆ ಬರಗಾಲ ಇಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ಅರ್ಥವಾದರೆ ಸಾಕು.

ಮೊದಲು ಈ ಕೆಲಸದ ಭಯ ಹೇಳುತ್ತೇನೆ ಸವಿತಾ, ಯಾಕೆಂದರೆ ಅದನ್ನು ಯಾರೂ ಹೇಳುವುದಿಲ್ಲ. ಸಂಬಳ ಹೇಳುತ್ತಾರೆ, ಶುಕ್ರವಾರ ರಜೆ ಹೇಳುತ್ತಾರೆ. ನಾನು ಮೊದಲು ಸೇರಿದ್ದು ರುವೈಸ್ ಅನ್ನುವ ಎಣ್ಣೆ ಕಂಪೆನಿಯ ಊರಿನಲ್ಲಿ ಒಬ್ಬರು ಇಂಜಿನಿಯರರ ಮನೆಗೆ. ಕಂಪೆನಿ ಮನೆ, ದೂರದಲ್ಲಿ ರಿಫೈನರಿಯ ಬೆಂಕಿ ಯಾವಾಗಲೂ ಉರಿಯುತ್ತಿತ್ತು. ನಮ್ಮೂರಲ್ಲಿ ಒಂದು ಗ್ಯಾಸ್ ಸಿಲಿಂಡರ್ ವಾಸನೆ ಬಂದರೆ ಓಡುತ್ತೇವೆ, ಇಲ್ಲಿ ಊರಿಗೆ ಊರೇ ಗ್ಯಾಸಿನ ಮೇಲೆ ಕೂತ ಹಾಗೆ. ಒಂದು ದಿನ ಸೈರನ್ ಕೂಗಿತು. ನಾನು ಒಲೆ ಆರಿಸಿ ಸೌಟು ಕೈಯಲ್ಲೇ ಹಿಡಿದುಕೊಂಡು ರಸ್ತೆಗೆ ಓಡಿದೆ. ಅದು ಸೈರನ್ ಸರಿ ಉಂಟಾ ಅಂತ ನೋಡುವುದಂತೆ. ಎದುರು ಮನೆಯ ಹೆಂಗಸು ನಕ್ಕದ್ದು ನಕ್ಕದ್ದೇ. ನಗಲಿ. ನಾನು ಮಾತ್ರ ಆ ಊರಿನಲ್ಲಿದ್ದಷ್ಟು ದಿನ ಬಾಗಿಲ ಹತ್ತಿರ ಚಪ್ಪಲಿ ಹೊರಮುಖ ಮಾಡಿಯೇ ಇಡುತ್ತಿದ್ದೆ.

ಆಮೇಲೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಬಂದೆ. ಎತ್ತರದ ಬಿಲ್ಡಿಂಗು, ಉಡುಪಿ ಕಡೆಯ ಮನೆಯವರು. ಯಜಮಾನರು ಬ್ಯಾಂಕಿನಲ್ಲಿ ದೊಡ್ಡ ಕೆಲಸದವರು, ಹೆಂಡತಿ ವಿದ್ಯಾ ಮೇಡಂ. ಯಜಮಾನರ ತಾಯಿಯೂ ಅಲ್ಲೇ ಇದ್ದರು. ಅವರನ್ನು ನಾನೂ ಅಮ್ಮ ಅಂತಲೇ ಕರೆಯುತ್ತಿದ್ದೆ. ಮಗಳು ಅನ್ವಿ ಹುಟ್ಟಿದ್ದು ನಾನು ಸೇರಿದ ಮೇಲೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಊಟ ಬೇಕಾದಾಗ ಮಾತ್ರ ಕನ್ನಡ.

ಆ ಮನೆಯಲ್ಲಿ ಒಮ್ಮೆ ಸಾಂಬಾರು ಪುಡಿಗೆ ಮೆಣಸು ಹುರಿಯುವಾಗ ಕಿಟಕಿ ತೆರೆಯಲು ಮರೆತೆ. ಸೀಲಿಂಗಿನ ಅಲಾರಂ ಹೊಡೆದುಕೊಂಡಿತು, ಇಡೀ ಬಿಲ್ಡಿಂಗಿನವರು ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿನಲ್ಲಿ ಇಳಿದರು. ಕೆಳಗೆ ನಾತೂರ್, ಅಂದರೆ ಬಿಲ್ಡಿಂಗಿನ ಕಾವಲಿನವನು, ನನ್ನನ್ನೇ ಹುಡುಕುತ್ತಿದ್ದ. ನನ್ನ ಬಟ್ಟೆಯ ಮೆಣಸಿನ ವಾಸನೆಗೇ ಸಿಕ್ಕಿಬಿದ್ದೆ. "ಖಲಾಸ್, ಅಮ್ಮಾ, ಮಿರ್ಚಿ ಖಲಾಸ್," ಅಂತ ಕೈಮುಗಿದ. ಅವನ ಹಿಂದೆ ನಿಂತಿದ್ದ ಒಬ್ಬ ಅಜ್ಜನ ಕಾಲು ಗಡಗಡ ನಡುಗುತ್ತಿತ್ತು. ಇಷ್ಟು ಎತ್ತರದಲ್ಲಿ ಬೆಂಕಿ ನಿಜವಾಗಿಯೇ ಬಂದರೆ ಏನು ಗತಿ ಅಂತ ನನಗೆ ಆ ಕಾಲು ನೋಡಿದಾಗ ಗೊತ್ತಾಯಿತು. ಅಲ್ಲಿಂದ ಮೇಲೆ ಪುಡಿ ಊರಿನಿಂದಲೇ ತರಿಸಿದೆವು. ಈಗಿನ ನಿಮಗೆ ಆ ಕಷ್ಟವೂ ಇಲ್ಲ, ಫೋನಿನಲ್ಲಿ ಒತ್ತಿದರೆ ಪುಡಿ ಬಾಗಿಲಿಗೆ ಬರುತ್ತದೆ.

ಇನ್ನು ರಜೆಯ ವಿಷಯ. ಇಲ್ಲಿ ಅನುಕೂಲ ಇರುವ ಸಸ್ಯಾಹಾರಿ ಮನೆಯವರು ರಜೆಗೆ ಹೋಗುವಾಗ ಅಡುಗೆಯವಳನ್ನೂ ಕರೆದುಕೊಂಡು ಹೋಗುತ್ತಾರೆ. ಊರಲ್ಲಿ ಹೇಳಿದರೆ ನಂಬುವುದಿಲ್ಲ. ಜನ ನಿನ್ನನ್ನು ಭಾಗ್ಯವಂತೆ ಅನ್ನುತ್ತಾರೆ. ಭಾಗ್ಯ ಅಂದರೆ ಒಂದು ಸೂಟ್‌ಕೇಸು ಪೂರ್ತಿ ಕುಚ್ಚಲಕ್ಕಿ, ಬೇಳೆ, ಕುಕ್ಕರು. ಇಂಗನ್ನು ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಡಬ್ಬಿಯಲ್ಲಿ. ಅವರು ಬೆಟ್ಟ ನೋಡುವಾಗ ನೀನು ಹೊಸ ಒಲೆ ಹೊತ್ತಿಸುವ ಗುಬುಟು ಎಲ್ಲಿ ಅಂತ ನೋಡುತ್ತಿರುತ್ತೀ.

ಹಾಗೆ ಒಂದು ರಜೆಗೆ ಇದೇ ಮನೆಯವರ ಜೊತೆ ಬಾರ್ಬಡೋಸಿಗೆ ಹೋಗುವ ದಾರಿಯಲ್ಲೇ ಆ ಪಯಣದ ಮೊದಲ ಭಯ ಆದದ್ದು. ಲಂಡನ್ನಿನಲ್ಲಿ ವಿಮಾನ ಬದಲಿಸುವಾಗ ಯಜಮಾನರು ಎಲ್ಲರ ಪಾಸ್‌ಪೋರ್ಟು ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡು ಮುಂದೆ ಹೋದರು. ನನ್ನನ್ನು ಬೇರೆ ಸಾಲಿಗೆ ಕಳಿಸಿದರು. ಆಫೀಸರು ಕೇಳುತ್ತಾನೆ, ನೀನು ಯಾರು, ಯಾರ ಜೊತೆ. ನನ್ನ ಕೈಯಲ್ಲಿ ಒಂದು ಕರ್ಚೀಫು ಬಿಟ್ಟು ಏನೂ ಇಲ್ಲ. ಕುಕ್, ಕುಕ್ ಅಂದೆ. ಅವನು ಪಾಸ್‌ಪೋರ್ಟು ಅಂತ ಕೈ ಚಾಚಿದ. ಮೇಡಂ ಓಡಿ ಬರುವ ತನಕ ಆ ಕರ್ಚೀಫು ಹಿಂಡುತ್ತಾ ಅಲ್ಲೇ ನಿಂತಿದ್ದೆ. ನಿನ್ನ ಪಾಸ್‌ಪೋರ್ಟು ನಿನ್ನ ಚೀಲದಲ್ಲಿ ಇರಲಿ ಸವಿತಾ. ಎಷ್ಟು ಒಳ್ಳೆಯ ಮನೆಯವರಾದರೂ ಕೊಡಬೇಡ. ನಾಚಿಕೊಳ್ಳಬೇಡ.

ದ್ವೀಪ ಚಂದ ಉಂಟು, ಅದನ್ನು ಇಲ್ಲ ಅನ್ನುವುದಿಲ್ಲ. ಹೋಗುವುದಕ್ಕೆ ಕಾರಣ ಬೇಕಾದರೆ ನಾನೇ ಹೇಳುತ್ತೇನೆ. ಮರಳು ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೆ. ಪಶ್ಚಿಮದ ಕಡೆ ಸಮುದ್ರ ಕೆರೆಯ ಹಾಗೆ ನಿಂತಿರುತ್ತದೆ, ಮಕ್ಕಳನ್ನು ಇಳಿಸಬಹುದು. ಪೂರ್ವದ ಕಡೆಗೆ ಹೋದರೆ ಅದು ನಮ್ಮ ಮಳೆಗಾಲದ ಮಲ್ಪೆ, ದಡದಲ್ಲಿ ನಿಂತು ನೋಡಿ ಬರಬೇಕು ಅಷ್ಟೇ. ಸೆಕೆ ಇಲ್ಲಿನ ಹಾಗೆ ಸುಡುವುದಿಲ್ಲ, ಗಾಳಿ ಬೀಸುತ್ತಾ ಇರುತ್ತದೆ. ಕ್ರಿಕೆಟ್ಟಿನ ಹುಚ್ಚಿನ ಜನ, ನಮ್ಮ ಗಂಡಸರಿಗೆ ಮಾತಿಗೆ ಬರ ಇಲ್ಲ. ಪಲ್ಯಕ್ಕಾಗುವ ಜೀಗುಜ್ಜೆ ಸಣ್ಣ ಹಲಸಿನ ಹಾಗೆ ಮರದಲ್ಲಿ ಜೋತಾಡುತ್ತದೆ, ತೆಂಗು, ಬಾಳೆಕಾಯಿ, ಹುಣಸೆ ಎಲ್ಲ ಉಂಟು. ಅಡುಗೆಯವಳಿಗೆ ಇನ್ನೆಂಥ ಬೇಕು. ಆದರೆ ಯಾರಲ್ಲಿ ಏನು ಕೇಳುವುದಾದರೂ ಮೊದಲು ಗುಡ್ ಮಾರ್ನಿಂಗ್ ಹೇಳಬೇಕು. ಹೇಳದೆ ಮಾತಿಗೆ ಶುರು ಮಾಡಿದರೆ ಅಂಗಡಿಯವಳೂ ಮುಖ ತಿರುಗಿಸುತ್ತಾಳೆ.

ಯಜಮಾನರಿಗೆ ಹೋಟೆಲೇ ಬೇಕಿತ್ತು. ಅಮ್ಮ ಹೋಟೆಲಿನ ನೀರೂ ಕುಡಿಯುವವರಲ್ಲ. ಹಾಗಾಗಿ ಪಶ್ಚಿಮದ ಕಡೆ ಸಮುದ್ರಕ್ಕೆ ತಾಗಿ ಒಂದು ಮನೆ ಹಿಡಿದರು. ಮನೆ ನೋಡಿಕೊಳ್ಳುವವಳು ಡೋರಿನ್ ಅಂತ ಒಬ್ಬಳು ಅಲ್ಲಿಯ ಹೆಂಗಸು, ನನ್ನದೇ ಪ್ರಾಯ. ನಾವು ಮುಟ್ಟಿದ್ದು ಶನಿವಾರ ಸಂಜೆ. ಕೀಲಿ ಕೊಟ್ಟು, ನಾಳೆ ಭಾನುವಾರ, ಇಗರ್ಜಿಗೆ ಹೋಗಬೇಕು, ಸೋಮವಾರ ಬಂದು ಎಲ್ಲ ತೋರಿಸುತ್ತೇನೆ ಅಂತ ಹೇಳಿ ಹೋದಳು. ಆ ಒಂದು ಭಾನುವಾರದಲ್ಲೇ ಆಗಬೇಕಾದ್ದು ಆಯಿತು.

ಬೆಳಿಗ್ಗೆ ಯಜಮಾನರು ಕಾರು ತೆಗೆದುಕೊಂಡು ಸಾಮಾನಿಗೆ ಹೋದರು. ಮೇಡಂ ಸ್ನಾನಕ್ಕೆ ಹೋದರು. ಅಮ್ಮ, ನಾನು, ಅನ್ವಿ ಹಿಂದಿನ ಗೇಟಿನಿಂದ ಕಡಲಿಗೆ ಇಳಿದೆವು. ಅಲ್ಲಿಯೇ ಆ ಮರ. ಒಳ್ಳೆಯ ದಪ್ಪ ಕಾಂಡ, ಹರಡಿದ ಕೊಂಬೆ, ಹೊಳೆಯುವ ಎಲೆ. ಕಾಂಡಕ್ಕೆ ಎದೆಯ ಎತ್ತರದಲ್ಲಿ ಸುತ್ತಲೂ ಕೆಂಪು ಪಟ್ಟಿ, ಕುಂಕುಮ ಬಳಿದ ಹಾಗೆ.

ಅಮ್ಮ ನಿಂತೇಬಿಟ್ಟರು. ನಾನೂ ನಿಂತೆ. ಸುತ್ತ ಬಿಸಿಲು, ದೂರದಲ್ಲಿ ಎರಡು ಮೂರು ಸಂಸಾರ ಚಾಪೆ ಹಾಸಿ ಬಿಸಿಲಿನಲ್ಲೇ ಕೂತಿದೆ. ಇಲ್ಲಿ ಇಷ್ಟು ನೆರಳು, ಒಬ್ಬರೂ ಇಲ್ಲ. ನಡೆದು ಹೋಗುವವರೂ ಮರದ ಹತ್ತಿರ ಬಂದಾಗ ನೀರಿನ ಕಡೆಗೆ ಸರಿದು ಸುತ್ತು ಹಾಕಿ ಹೋಗುತ್ತಿದ್ದರು. ನಮ್ಮೂರಲ್ಲಿ ನಾಗಬನದ ಎದುರು ಜನ ನಡೆಯುವುದು ಹೀಗೆಯೇ ಅಲ್ಲವಾ. ಕೆಳಗೆ ಹಣ್ಣು ಬಿದ್ದಿತ್ತು, ಸಣ್ಣ ಪೇರಳೆಯಷ್ಟು, ಹಸಿರು ಹಳದಿ. ಯಾರೂ ಹೆಕ್ಕಿಲ್ಲ. ಹಕ್ಕಿಯೂ ಕುಕ್ಕಿಲ್ಲ.

"ನೋಡು ಗಿರಿಜಾ," ಅಂದರು ಅಮ್ಮ, "ನಮ್ಮವರನ್ನು ಈ ಕಡೆಯ ದ್ವೀಪಗಳಿಗೆಲ್ಲ ಕಬ್ಬಿನ ಕೆಲಸಕ್ಕೆ ತಂದಿದ್ದರಂತೆ ಹಿಂದೆ. ಅವರು ನಂಬಿದ ಮರ ಇದು. ಎಷ್ಟು ಮರ್ಯಾದೆ ಇಟ್ಟಿದ್ದಾರೆ ನೋಡು."

ನನಗೂ ಹಾಗೆಯೇ ಕಂಡಿತು. ಚಪ್ಪಲಿ ತೆಗೆದೆ. ಮೂವರೂ ಕೈಮುಗಿದೆವು. ಅಮ್ಮ ಪ್ರದಕ್ಷಿಣೆ ಬಂದರು, ಕೆಂಪು ಪಟ್ಟಿಯ ಮೇಲೆ ಎರಡೂ ಕೈ ಇಟ್ಟರು. ಎಲೆಯ ಒಂದು ಕುಡಿ ಕಿತ್ತರು, ಹಾಲಿನ ಹಾಗೆ ಬಿಳಿ ಸೊನೆ ಬಂತು. ಆಲ, ಅತ್ತಿ, ಅಶ್ವತ್ಥ ಎಲ್ಲ ಹಾಲು ಬರುವ ಮರಗಳೇ, ಇದೂ ಅದೇ ಜಾತಿ ಅಂತ ಅವರಿಗೆ ಇನ್ನಷ್ಟು ಖುಷಿ. ಆ ಕೈಯನ್ನು ಹಾಗೆಯೇ ಕಣ್ಣಿಗೆ ಒತ್ತಿಕೊಂಡರು. ಎರಡು ಹಣ್ಣು ಸೆರಗಿನಲ್ಲಿ ಕಟ್ಟಿಕೊಂಡರು.

ಮನೆಗೆ ಬಂದು ಹಣ್ಣು ತೊಳೆದು, ಜೊತೆಯಲ್ಲಿ ತಂದಿದ್ದ ಬೆಳ್ಳಿಯ ಕೃಷ್ಣನ ಎದುರು ಇಟ್ಟು, ದೀಪ ಹಚ್ಚಿ, ಒಂದನ್ನು ಅನ್ವಿಯ ಕೈಗೆ ಕೊಟ್ಟರು. ಪ್ರಸಾದ ಮೊದಲು ಮಕ್ಕಳಿಗೆ. ಅದೂ ಎಲ್ಲ ಮನೆಯ ಕ್ರಮವೇ.

ಅವಳು ಕಚ್ಚಿದಳು. "ಸ್ವೀಟ್, ಅಜ್ಜಿ," ಅಂದಳು. ಇನ್ನೊಮ್ಮೆ ಕಚ್ಚಿದಳು.

ನಾನು ಜೀಗುಜ್ಜೆ ಸಿಗುತ್ತದಾ ಅಂತ ಯೋಚಿಸುತ್ತಾ ಪಾತ್ರೆ ತೊಳೆಯುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅವಳು ಖಾರ, ಖಾರ ಅಂದಳು. ಕನ್ನಡದಲ್ಲಿ ಹೇಳಿದಳು, ಅದಕ್ಕೇ ತಿರುಗಿ ನೋಡಿದೆ. ನೀರು ಕೊಟ್ಟೆ. ನೀರು ಗಂಟಲಿಗೆ ಇಳಿದ ಕೂಡಲೇ ಕಿರುಚಿದಳು. ಅಮ್ಮ ಸಕ್ಕರೆ ತಂದರು, ಅದನ್ನು ಉಗಿದಳು. ತುಟಿ ದಪ್ಪ ಆಗುತ್ತಾ ಬಂತು. ಆಮೇಲೆ ಕಿರುಚುವುದು ನಿಂತಿತು, ಅದು ಇನ್ನೂ ಕೆಟ್ಟದಾಗಿತ್ತು. ಎಂಜಲು ನುಂಗಲು ಆಗದೆ ಗಲ್ಲದಿಂದ ಇಳಿಯುತ್ತಿತ್ತು. ಉಸಿರು ಎಳೆಯುವಾಗ ಒಳಗೆ ಬಾಗಿಲು ಕಿರುಗುಟ್ಟಿದ ಹಾಗೆ ಶಬ್ದ. ಅಷ್ಟರಲ್ಲಿ ಅಮ್ಮ ಕಣ್ಣು ಉಜ್ಜುತ್ತಾ, "ಗಿರಿಜಾ, ನನಗೆ ಕಾಣುವುದಿಲ್ಲ ಮಾರಾಯ್ತಿ," ಅಂತ ಗೋಡೆ ಹಿಡಿದರು.

ಮೇಡಂ ಒದ್ದೆ ಕೂದಲಿನಲ್ಲಿ ಓಡಿ ಬಂದರು. ಯಜಮಾನರಿಗೆ ಫೋನು ಮಾಡಿದರೆ ಎತ್ತುವುದಿಲ್ಲ. ಕಾರಿಲ್ಲ. ಆಸ್ಪತ್ರೆ ಎಲ್ಲಿ ಗೊತ್ತಿಲ್ಲ, ಯಾರನ್ನು ಕರೆಯಬೇಕು ಅದೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈ ಕೆಲಸಕ್ಕೆ ಬಾರದ ಹಾಗೆ ಆದದ್ದು ಅದೇ ಒಂದು ಸಲ. ಮಗುವನ್ನು ಎತ್ತಿಕೊಂಡು ಬಾಗಿಲಿಗೂ ಅಡುಗೆಮನೆಗೂ ನಡೆಯುತ್ತಿದ್ದೆ, ಯಾಕೆ ಅಂತ ಕೇಳಬೇಡ.

ಆಗ ಡೋರಿನ್ ಬಂದಳು. ಇಗರ್ಜಿಯಿಂದ ಸೀದಾ, ತಲೆಗೆ ಹೂವಿನ ಹ್ಯಾಟು, ಕೈಯಲ್ಲಿ ನಮಗೆ ಅಂತ ತಂದ ಒಂದು ಜೀಗುಜ್ಜೆ. ಗುಡ್ ಮಾರ್ನಿಂಗ್ ಅರ್ಧ ಹೇಳಿದವಳು ದೇವರ ಎದುರಿನ ಹಣ್ಣು ಕಂಡಳು. ಜೀಗುಜ್ಜೆ ಕೆಳಗೆ ಬಿತ್ತು. ಇದನ್ನು ಯಾರು ತಿಂದದ್ದು ಅಂತ ಕೇಳಿದಳು. ನಾನು ಮಗುವನ್ನು ತೋರಿಸಿದೆ. ಅವಳ ಮುಖ ನೋಡಿಯೇ ನನಗೆ ಎಲ್ಲ ಗೊತ್ತಾಯಿತು. ಭಾಷೆ ಬೇಕಾಗಲಿಲ್ಲ.

ಫ್ರಿಜ್ಜಿನಿಂದ ಹಾಲು ತೆಗೆದು ಮಗುವಿನ ಬಾಯಿಗೆ ಹನಿ ಹನಿ ಬಿಟ್ಟಳು, ಉಗಿಸಿದಳು. ಅಮ್ಮನ ಮುಖಕ್ಕೆ ನಲ್ಲಿ ತೆರೆದು ಹಿಡಿದಳು. ಆಮೇಲೆ ರಸ್ತೆಯ ನಡುವೆ ಹೋಗಿ ಹ್ಯಾಟು ಬೀಸಿ ಒಂದು ಬಿಳಿ ವ್ಯಾನು ನಿಲ್ಲಿಸಿದಳು. ಅಲ್ಲಿ ಬಸ್ಸಿನ ಹಾಗೆ ಓಡುವ ವ್ಯಾನು ಅದು, ತುಂಬ ಜನ ಇದ್ದರು. ಅವಳು ಆ ಮರದ ಹೆಸರು ಒಂದು ಹೇಳಿದ್ದಕ್ಕೇ, ನನ್ನ ನಾಲಗೆಗೆ ಅದು ಹೊರಳುವುದಿಲ್ಲ, ಎಲ್ಲರೂ ನಮಗೆ ಜಾಗ ಬಿಟ್ಟು ಇಳಿದರು. ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ನಿಜವಾದ ಭಯ ಹುಟ್ಟಿದ್ದು ಅಲ್ಲಿ. ಒಂದು ಹೆಸರಿಗೆ ಒಂದು ವ್ಯಾನಿನ ಜನ ಇಳಿಯಬೇಕಾದರೆ ಅದು ಎಂಥದ್ದಿರಬೇಕು.

ಪೇಟೆಯ ಆಸ್ಪತ್ರೆಯ ತನಕ ಅನ್ವಿ ನನ್ನ ತೊಡೆಯ ಮೇಲೆ. ನಾನು ಅವಳ ಮುಖ ನೋಡಲಿಲ್ಲ, ಕುತ್ತಿಗೆ ನೋಡುತ್ತಿದ್ದೆ. ಉಸಿರು ಎಳೆದಾಗ ಕುತ್ತಿಗೆಯ ಗುಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಮತ್ತೆ ಒಳಗೆ ಹೋಗುತ್ತದೆ. ಬರುತ್ತದಾ ಅಂತ ಕಾಯಬೇಕು. ದೇವರನ್ನು ನೆನೆದೆನಾ ಅಂತ ಆಮೇಲೆ ಕೆಲವರು ಕೇಳಿದರು. ಇಲ್ಲ. ಗುಳಿ ನೋಡುತ್ತಿದ್ದೆ.

ಡಾಕ್ಟರು ಹೆಂಗಸು. ಎಷ್ಟು ಸಲ ಕಚ್ಚಿದಳು, ಎಷ್ಟು ನುಂಗಿದಳು ಅಂತ ಕೇಳಿದರು. ಎರಡು ಸಲ ಅಂತ ನಾನೇ ಹೇಳಿದೆ, ನುಂಗಿದ್ದು ಗೊತ್ತಿಲ್ಲ ಅಂದೆ. ಮಂಚದ ಹತ್ತಿರ ಉಸಿರಿಗೆ ಹಾಕುವ ನಳಿಗೆ ಎಲ್ಲ ತಂದಿಟ್ಟರು. ಗಂಟಲು ಇನ್ನೂ ಊದಿದರೆ ನಳಿಗೆ ಹಾಕಬೇಕು, ನಳಿಗೆಯೂ ಇಳಿಯದಿದ್ದರೆ ಕುತ್ತಿಗೆಯಲ್ಲಿ ತೂತು ಮಾಡಬೇಕು, ಕಾದು ನೋಡುವ ಅಂತ ಮೇಡಂಗೆ ಹೇಳಿದರು. ಮೇಡಂ ಅದನ್ನು ಕನ್ನಡದಲ್ಲಿ ನನಗೆ ಹೇಳಿ ಅಲ್ಲೇ ನೆಲದಲ್ಲಿ ಕೂತರು.

ಅಮ್ಮನ ಕಣ್ಣಿಗೆ ಮದ್ದು ಹಾಕಿ ಬಟ್ಟೆ ಕಟ್ಟಿ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಅಂಗೈ ತುಂಬ ಬೊಕ್ಕೆ. ಅವರು ಹೇಳುತ್ತಲೇ ಇದ್ದರು, ಚಪ್ಪಲಿ ಬಿಟ್ಟೇ ಹೋಗಿದ್ದೆವಲ್ಲ, ಏನು ಮೈಲಿಗೆ ಆಯಿತು, ಊರಿಗೆ ಫೋನು ಮಾಡಿ ಭಟ್ರ ಹತ್ತಿರ ಕೇಳಿಸು ಅಂತ. ಮೇಡಂ ಎಷ್ಟೋ ಹೊತ್ತು ಕೇಳಿದರು. ಅತ್ತೆಯ ಎದುರು ದನಿ ಎತ್ತಿದವರಲ್ಲ. ಆಗಲೂ ಎತ್ತಲಿಲ್ಲ.

"ಅತ್ತೆ, ಅದು ದೇವರಲ್ಲ. ವಿಷ. ಇನ್ನು ಅದರ ಮಾತು ಬೇಡ," ಅಂದರು.

ಅಮ್ಮ ಬೊಕ್ಕೆ ಬಂದ ಅಂಗೈಯನ್ನು ಸೆರಗಿನಿಂದ ಮುಚ್ಚಿಕೊಂಡರು.

ಯಜಮಾನರು ಫೋನು ನೋಡಿ ಓಡಿ ಬಂದದ್ದು ಆಮೇಲೆ. ಮಗಳನ್ನು ನೋಡಿದರು, ತಾಯಿಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು. "ಗಿರಿಜಕ್ಕ, ನೀವು ಅಲ್ಲೇ ಇದ್ದಿರಲ್ಲ?"

"ಇದ್ದೆ. ನಾನೂ ಕೈಮುಗಿದೆ," ಅಂದೆ.

ಅವರು ಮಗಳ ಮಂಚದ ಕಡೆಗೆ ತಿರುಗಿದರು. ಆದರೆ ಒಂದು ವಿಷಯ ತಿಳಿದುಕೋ ಸವಿತಾ. ಅಲ್ಲಿ ಆ ಮಗುವಿಗೆ ಏನಾದರೂ ಆಗಿದ್ದರೆ ಅಜ್ಜಿ ಅಜ್ಜಿಯಾಗಿಯೇ ಇರುತ್ತಿದ್ದರು, ತಾಯಿ ತಾಯಿಯೇ. ನಾನು ಮಾತ್ರ ಅಲ್ಲೇ ಇದ್ದ ಕೆಲಸದವಳು. ಆ ಕೋಣೆಯಲ್ಲಿ ಕೂತು ನನಗೆ ಅದೂ ನೆನಪಾಯಿತು. ಮಗುವಿನ ಭಯದ ಪಕ್ಕದಲ್ಲೇ ನನ್ನ ಭಯವೂ ಕೂತಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಊತ ಹೆಚ್ಚಾಯಿತು. ಒಮ್ಮೆ ಡಾಕ್ಟರು ನಳಿಗೆ ಕೈಗೆ ತೆಗೆದುಕೊಂಡರು, ಬಗ್ಗಿ ಕಿವಿ ಕೊಟ್ಟು ಕೇಳಿದರು, ಮತ್ತೆ ಕೆಳಗಿಟ್ಟರು. ಆ ಇಟ್ಟ ಶಬ್ದ ಈಗಲೂ ಕೇಳುತ್ತದೆ ನನಗೆ. ಸಂಜೆ ಹೊತ್ತಿಗೆ ಕಿರುಗುಟ್ಟುವುದು ಕಡಿಮೆ ಆಯಿತು. ಅನ್ವಿ ಎಂಜಲು ನುಂಗಿದಳು. ನೋವಿಗೆ ಕಣ್ಣು ಬಿಗಿ ಹಿಡಿದಳು, ಆದರೆ ನುಂಗಿದಳು. ಇನ್ನು ಹೆದರುವುದು ಬೇಡ, ಬೆಳಗಿನ ತನಕ ಇಲ್ಲೇ ಇರಲಿ ಅಂದರು ಡಾಕ್ಟರು. ಅಮ್ಮನನ್ನೂ ನನ್ನನ್ನೂ ಯಜಮಾನರು ಮನೆಗೆ ಬಿಟ್ಟರು. ದೇವರ ಎದುರಿನ ಹಣ್ಣನ್ನು ಡೋರಿನ್ ಆಗಲೇ ತೆಗೆದು ಎಲ್ಲಿಯೋ ಹೂತಿದ್ದಳು. ಒಲೆಗೂ ಹಾಕಬಾರದಂತೆ, ಆ ಮರದ ಹೊಗೆಯೂ ಕಣ್ಣು ಸುಡುತ್ತದಂತೆ.

ಹಾಗಾದರೆ ಹೋಗಬೇಡ ಅನ್ನುತ್ತೇನಾ? ಇಲ್ಲ. ಹೋಗು. ಆ ವ್ಯಾನಿನಿಂದ ಇಳಿದ ಜನ ಇರುವ ಊರು ಅದು. ಎಲ್ಲಿ ಉಳಿದುಕೊಳ್ಳುವುದು ಅಂತ ನಿನ್ನ ಯಜಮಾನ್ತಿ ಕೇಳಿದರೆ ಹೀಗೆ ಹೇಳು. ಮಕ್ಕಳಿದ್ದರೆ ಪಶ್ಚಿಮದ ಕಡೆಯೇ, ಪೇಟೆಯ ಆಸ್ಪತ್ರೆಗೆ ದೂರ ಆಗದ ಹಾಗೆ. ಸಣ್ಣ ಹೋಟೆಲು ಆದರೆ ಒಳ್ಳೆಯದು, ಯಾರಾದರೂ ಊರಿನವರು ಯಾವಾಗಲೂ ಇರುತ್ತಾರೆ. ಮನೆಯೇ ಬೇಕಾದರೆ ಮುಟ್ಟಿದ ದಿನವೇ ಊರಿನವರು ಒಬ್ಬರು ಮನೆಯ ಸುತ್ತ ನಡೆಸಿ ಎಲ್ಲ ತೋರಿಸಬೇಕು, ಆಮೇಲೆಯೇ ಮಕ್ಕಳ ಕಾಲು ಹೊರಗೆ. ಈಜುಕೊಳ ಉಂಟಾ, ಏಸಿ ಉಂಟಾ ಅಂತ ಎಲ್ಲರೂ ಕೇಳುತ್ತಾರೆ. ಇದನ್ನು ಯಾರೂ ಕೇಳುವುದಿಲ್ಲ. ಮತ್ತೆ ಒಂದು ಕಡೆ ನೆರಳಿದ್ದೂ ಜನ ಬಿಸಿಲಿನಲ್ಲಿ ಕೂತಿದ್ದರೆ ನೀನೂ ಬಿಸಿಲಿನಲ್ಲೇ ಕೂತುಕೋ.

ಮರುದಿನ ಬೆಳಿಗ್ಗೆ ಎದ್ದು ನಾನು ಕುಚ್ಚಲಕ್ಕಿ ಗಂಜಿ ಬೇಯಿಸಿದೆ. ತಣ್ಣಗೆ ತೆಳ್ಳಗೆ ಏನಾದರೂ ಕೊಟ್ಟು ನೋಡಬಹುದು ಅಂತ ಮೇಡಂ ಫೋನು ಮಾಡಿದ್ದರು. ಅಮ್ಮ ಕಣ್ಣಿಗೆ ಕಟ್ಟಿದ ಬಟ್ಟೆಯಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಅವರ ಅಡುಗೆಗೆ ಒಂದು ಕಟ್ಟುನಿಟ್ಟು ಉಂಟು: ದೇವರಿಗೆ ಇಡುವ ಮೊದಲು ಯಾರೂ ರುಚಿ ನೋಡುವ ಹಾಗಿಲ್ಲ. ಉಪ್ಪು ಹುಳಿ ಎಲ್ಲ ಮೂಗಿನಿಂದಲೇ ತಿಳಿಯಬೇಕು. ಅವರ ಮನೆಯಲ್ಲಿದ್ದಷ್ಟು ವರ್ಷ ನಾನು ಹಾಗೆಯೇ ಅಡುಗೆ ಮಾಡಿದವಳು.

ಗಂಜಿ ಆರಿತು. ನಾನು ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ. ನಾಲಗೆಯ ಮೇಲೆ ಇಟ್ಟು ಕಾದೆ, ಆಮೇಲೆ ನುಂಗಿದೆ. ಚಮಚ ತಟ್ಟೆಗೆ ತಾಗಿದ್ದು ಅಮ್ಮನಿಗೆ ಕೇಳಿತು.

"ರುಚಿ ನೋಡಿದೆಯಾ?"

"ನೋಡಿದೆ."

ನಾನು ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ.

"ಉಪ್ಪು ಸರಿ ಉಂಟಾ?" ಅಂತ ಕೇಳಿದರು.

ಉಂಟು ಅಂದೆ. ಅಂದು ದೇವರಿಗೆ ಇಡಲಿಲ್ಲ. ಡಬ್ಬಿಗೆ ಹಾಕಿಕೊಂಡು ಯಜಮಾನರ ಕಾರಿನಲ್ಲಿ ಆಸ್ಪತ್ರೆಗೆ ಹೋದೆ. ಅನ್ವಿ ಎಚ್ಚರ ಇದ್ದಳು. ತುಟಿ ಇನ್ನೂ ದಪ್ಪ. ನರ್ಸು ಕೊಟ್ಟ ಹಾಲಿಗೂ ಬಾಯಿ ತೆರೆದಿರಲಿಲ್ಲವಂತೆ, ತಾಯಿ ಬೇಡಿಕೊಂಡರೂ ಇಲ್ಲವಂತೆ. ಚಮಚ ಕಂಡ ಕೂಡಲೇ ಮುಖವನ್ನು ದಿಂಬಿಗೆ ಒತ್ತಿಕೊಂಡಳು.

ಅವಳ ಎದುರು ಕೂತು ಒಂದು ಚಮಚ ಗಂಜಿ ನಾನು ತಿಂದೆ. ನುಂಗಿದೆ. ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದೆ. ಇನ್ನೊಂದು ಚಮಚ ತಿಂದೆ. ಅವಳು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಮೂರನೆಯದನ್ನು ಬೇರೆ ಚಮಚದಲ್ಲಿ ತೆಗೆದು ಹಿಡಿದೆ. ತುಂಬ ಹೊತ್ತು ಹಿಡಿದೆ, ಕೈ ನೋವಾಯಿತು.

ಬಾಯಿ ತೆರೆದಳು.